ಕೆಂಪು ಕೈಗವಸಿಗೆ ಹಾಲು

(ಮಕ್ಕಳ ಗ್ರಂಥಾಲಯವೊಂದರಲ್ಲಿ ಅಪ್ಪ ಅಮ್ಮಂದಿರು, ಮೇಷ್ಟ್ರುಗಳು, ಒಂದಷ್ಟು ಮಕ್ಕಳ ಮುಂದೆ ಚಿತ್ರ ತೋರಿಸಿ ಆಡಿದ ಮಾತುಗಳು. ಆಡಿದ ಹಾಗೆಯೇ ಬರೆಯಲು ನೋಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈಗ ನೋಡಿದ ಗೊಂಬೆ ಚಿತ್ರ ಸುಮಾರು ಹತ್ತು ನಿಮಿಷದ್ದು. ಅದರಲ್ಲಿ ಒಂದೇ ಒಂದು ಮಾತಿಲ್ಲ. ಮಾಸ್ಕೋದಲ್ಲಿ ತಯಾರಾದದ್ದು, ಆದರೆ ಇಲ್ಲಿ ಯಾರಿಗೂ ಅರ್ಥ ಹೇಳಬೇಕಾಗಲಿಲ್ಲ. ಹಿಂದಿನ ಸಾಲಿನಲ್ಲಿ ಕೂತ ಅಜ್ಜಿಗೂ ಗೊತ್ತಾಯಿತು, ಮುಂದೆ ಚಾಪೆ ಮೇಲೆ ಕೂತ ನಾಲ್ಕು ವರ್ಷದವರಿಗೂ ಗೊತ್ತಾಯಿತು.

ಚಿತ್ರದ ಹೆಸರು ‘ವಾರೆಷ್ಕಾ’. ಅಂದರೆ ಕೈಗವಸು. ಐದು ಬೆರಳಿಗೆ ಐದು ಗೂಡಿರುವ ಕೈಗವಸಲ್ಲ. ಹೆಬ್ಬೆರಳಿಗೆ ಒಂದು ಕೋಣೆ, ಉಳಿದ ನಾಲ್ಕಕ್ಕೂ ಸೇರಿ ಒಂದೇ ಕೋಣೆ, ಆ ತರಹದ್ದು. ಬೆರಳುಗಳು ಒಟ್ಟಿಗೆ ಇದ್ದರೆ ಬಿಸಿ ಜಾಸ್ತಿ ಉಳಿಯುತ್ತದೆ. ಹಿಮ ಬೀಳುವ ಊರಿನ ಮಕ್ಕಳಿಗೆ ಅದೇ ಬೇಕು.

1967ರಲ್ಲಿ ಸೋಯುಜ್‌ಮುಲ್ತ್‌ಫಿಲ್ಮ್ ಸ್ಟುಡಿಯೋ ಇದನ್ನು ತಯಾರಿಸಿತು. ನಿರ್ದೇಶಕರು ರೋಮನ್ ಕಚಾನೊವ್. ಕಥೆ ಬರೆದವರು ಝಾನ್ನಾ ವಿತೆನ್‌ಜೋನ್. ಗೊಂಬೆಗಳಿಗೆ ರೂಪ ಕೊಟ್ಟವರು ಲಿಯೊನಿದ್ ಶ್ವಾರ್ತ್ಸ್‌ಮನ್, ಸಂಗೀತ ವದೀಮ್ ಗಮಾಲಿಯಾ ಅವರದು. ಗೊಂಬೆಗಳನ್ನು ಅಲುಗಿಸಿದ ತಂಡದಲ್ಲಿ ಯೂರಿ ನೋರ್ಷ್ಟೈನ್ ಎಂಬ ಯುವಕನೂ ಇದ್ದರು. ಮುಂದೆ 1975ರಲ್ಲಿ ಮಂಜಿನಲ್ಲಿ ದಾರಿ ತಪ್ಪುವ ಮುಳ್ಳುಹಂದಿಯ ಚಿತ್ರ ಮಾಡಿ ಲೋಕಕ್ಕೆಲ್ಲ ಗೊತ್ತಾದವರು ಇವರೇ.

ಸರಿ, ಕಥೆಗೆ ಬರೋಣ. ನೀವು ಈಗಷ್ಟೇ ನೋಡಿದ್ದೀರಿ, ಆದರೂ ಮೊದಲ ಭಾಗವನ್ನು ಮತ್ತೊಮ್ಮೆ ನೆನಪಿಸುತ್ತೇನೆ. ಯಾಕೆಂದರೆ ನಾವೆಲ್ಲ ಚಿತ್ರ ಮುಗಿದ ಮೇಲೆ ಕೈಗವಸು ನಾಯಿಮರಿಯಾದದ್ದನ್ನೇ ಹೇಳುತ್ತೇವೆ. ಅದಕ್ಕೆ ಮುಂಚೆ ನಡೆದದ್ದು ಮರೆತುಹೋಗುತ್ತದೆ.

ಪುಟ್ಟ ಹುಡುಗಿಯೊಬ್ಬಳು ಕಿಟಕಿಯಲ್ಲಿ ನಿಂತು ಕೆಳಗೆ ನೋಡುತ್ತಾಳೆ. ಹೊರಗೆ ಹಿಮ. ಬೇರೆ ಮಕ್ಕಳು ತಮ್ಮ ತಮ್ಮ ನಾಯಿಗಳ ಜೊತೆ ಆಡುತ್ತಿದ್ದಾರೆ. ಇವಳ ಹತ್ತಿರ ನಾಯಿ ಇಲ್ಲ. ಅದೇ ಕಟ್ಟಡದಲ್ಲಿ ಒಬ್ಬರ ಮನೆಯಲ್ಲಿ ಮರಿಗಳಿವೆ. ಹೋಗುತ್ತಾಳೆ, ಒಂದು ಮರಿಯನ್ನು ಎತ್ತಿಕೊಂಡು ಮನೆಗೆ ತರುತ್ತಾಳೆ. ಅಮ್ಮ ಬೇಡ ಅನ್ನುತ್ತಾಳೆ. ಹುಡುಗಿ ರಚ್ಚೆ ಹಿಡಿಯುವುದಿಲ್ಲ. ಮರಿಯನ್ನು ವಾಪಸ್ ಕೊಟ್ಟು ಬರುತ್ತಾಳೆ.

ಇಷ್ಟಾದ ಮೇಲೆ ಕೈಗವಸು.

ನಾನು ಇವತ್ತು ಹೇಳಬೇಕೆಂದು ಬಂದಿರುವುದು ಇದನ್ನೇ. ಈ ಮಗು ನೇರವಾಗಿ ಕಲ್ಪನೆಯ ಲೋಕಕ್ಕೆ ಹಾರಲಿಲ್ಲ. ಮೊದಲು ಕೇಳಿತು. ಕೈಯಲ್ಲಿ ಮರಿ ಹಿಡಿದುಕೊಂಡು, ಎಷ್ಟು ಸ್ಪಷ್ಟವಾಗಿ ಕೇಳಬಹುದೋ ಅಷ್ಟು ಸ್ಪಷ್ಟವಾಗಿ ಕೇಳಿತು. ಆಗಲ್ಲ ಎಂಬ ಉತ್ತರ ಬಂದ ಮೇಲೆ ಅದೇ ಮಾತನ್ನು ಆಟದಲ್ಲಿ ಹೇಳಿತು. ಕಾಣದ ಗೆಳೆಯ ಅನ್ನುವುದು ಇಲ್ಲಿ ಮಗುವಿನ ಎರಡನೇ ಮಾತು. ಮೊದಲನೇ ಮಾತು ನಮ್ಮ ಕಿವಿಗೆ ಬಿದ್ದು ಹೊರಟುಹೋಗಿರುತ್ತದೆ.

ಅಮ್ಮ ಕೆಟ್ಟವಳೇನಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಕೂತಿರುವ ಅಮ್ಮಂದಿರ ಮುಖ ನೋಡಿದೆ. ಫ್ಲಾಟಿನಲ್ಲಿ ನಾಯಿ ಸಾಕುವುದು ಸಣ್ಣ ಕೆಲಸವಲ್ಲ. ಬೇಡ ಅನ್ನಲು ಅವಳಿಗೆ ಅವಳದೇ ಕಾರಣ ಇರಬಹುದು. ಚಿತ್ರ ಅವಳನ್ನು ರಾಕ್ಷಸಿ ಮಾಡುವುದಿಲ್ಲ, ಹುಡುಗಿಯನ್ನು ಅನಾಥೆ ಮಾಡುವುದಿಲ್ಲ. ಊಟ ಇದೆ, ಬೆಚ್ಚಗಿನ ಬಟ್ಟೆ ಇದೆ, ಮನೆ ಇದೆ. ಒಂಟಿತನ ಇವೆಲ್ಲ ಇರುವ ಮನೆಯಲ್ಲೂ ಇರುತ್ತದೆ ಅಲ್ವಾ?

ಆ ಕಾಲವನ್ನೂ ಸ್ವಲ್ಪ ನೆನಪಿಟ್ಟುಕೊಳ್ಳಿ. 1950ರ ದಶಕದ ಕೊನೆ, 1960ರ ದಶಕದಲ್ಲಿ ಸೋವಿಯತ್ ನಗರಗಳಲ್ಲಿ ಲಕ್ಷಗಟ್ಟಲೆ ಹೊಸ ಫ್ಲಾಟುಗಳು ಎದ್ದವು. ಅದಕ್ಕೆ ಮುಂಚೆ ಒಂದೇ ಮನೆಯಲ್ಲಿ ನಾಲ್ಕೈದು ಕುಟುಂಬ, ಒಂದೇ ಅಡುಗೆಮನೆ. ಅಲ್ಲಿ ಜಗಳ ಇತ್ತು, ಗದ್ದಲ ಇತ್ತು. ಹೊಸ ಫ್ಲಾಟಿನಲ್ಲಿ ಪ್ರತಿ ಕುಟುಂಬಕ್ಕೂ ತನ್ನದೇ ಬಾಗಿಲು ಸಿಕ್ಕಿತು. ದೊಡ್ಡವರಿಗೆ ಅದು ಎಂಥ ನೆಮ್ಮದಿ ಎಂದು ಹೇಳಬೇಕಾಗಿಲ್ಲ. ಆದರೆ ಮಗುವಿಗೆ ಬಾಗಿಲು ಬೇರೆ ತರಹ ಕಾಣುತ್ತದೆ. ಈ ಚಿತ್ರ ಬಾಗಿಲು, ಕಿಟಕಿ, ಅಂಗಳ ಇಷ್ಟರ ನಡುವೆಯೇ ನಡೆಯುತ್ತದೆ.

ಅಂಗಳ ಅಂದಾಗ ನೆನಪಾಯಿತು. ಸೋಯುಜ್‌ಮುಲ್ತ್‌ಫಿಲ್ಮ್‌ನ ಗೊಂಬೆ ವಿಭಾಗ ಇದ್ದದ್ದು ಮಾಸ್ಕೋದ ಅರ್ಬಾತ್ ಬೀದಿಯ ಹತ್ತಿರ, ಒಂದು ಹಳೆಯ ಚರ್ಚಿನೊಳಗೆ. ಪೂಜೆ ನಿಂತುಹೋಗಿದ್ದ ಆ ಚರ್ಚಿನಲ್ಲಿ ಮೇಜು ಹಾಕಿ, ದೀಪ ಕಟ್ಟಿ, ಗೊಂಬೆಗಳನ್ನು ನಡೆಸುತ್ತಿದ್ದರು. ಇದೇ ಚರ್ಚು ರಷ್ಯಾದ ಬಹಳ ಪ್ರಸಿದ್ಧವಾದ ಒಂದು ವರ್ಣಚಿತ್ರದಲ್ಲೂ ಇದೆ. ವಸೀಲಿ ಪೊಲೆನೊವ್ 1878ರಲ್ಲಿ ಬರೆದ ‘ಮಾಸ್ಕೋದ ಅಂಗಳ’. ಮುಂದೆ ಹುಲ್ಲು, ಆಡುವ ಮಕ್ಕಳು, ಹಿಂದೆ ಈ ಚರ್ಚಿನ ಗುಮ್ಮಟ. ಆ ಅಂಗಳದ ಮಕ್ಕಳಿಂದ ಈ ಅಂಗಳದ ಹುಡುಗಿಗೆ ತೊಂಬತ್ತು ವರ್ಷವೂ ಆಗಿಲ್ಲ. ನನಗೆ ಇದು ತುಂಬಾ ಇಷ್ಟವಾದ ಸಂಗತಿ, ಅದಕ್ಕೇ ಹೇಳಿದೆ.

ಈಗ ಗೊಂಬೆ ಹೇಗೆ ನಡೆಯುತ್ತದೆ ಅನ್ನುವುದು. ಮಕ್ಕಳು ಮೊದಲೇ ಕೇಳಿದ್ದರು, ದಾರ ಕಟ್ಟಿರ್ತಾರಾ ಅಂತ. ಇಲ್ಲ. ಗೊಂಬೆಯ ಒಳಗೆ ಕೀಲುಗಳಿರುವ ಅಸ್ಥಿಪಂಜರ ಇರುತ್ತದೆ. ಕಲಾವಿದ ಬಂದು ಗೊಂಬೆಯ ಕೈಯನ್ನು ಕೂದಲೆಳೆಯಷ್ಟು ಮೇಲೆತ್ತುತ್ತಾನೆ. ಪಕ್ಕಕ್ಕೆ ಸರಿಯುತ್ತಾನೆ. ಕ್ಯಾಮೆರಾ ಒಂದು ಚಿತ್ರ ತೆಗೆಯುತ್ತದೆ. ಮತ್ತೆ ಬರುತ್ತಾನೆ, ಇನ್ನೊಂದು ಕೂದಲೆಳೆಯಷ್ಟು ಎತ್ತುತ್ತಾನೆ. ಪರದೆಯ ಮೇಲೆ ಒಂದು ಸೆಕೆಂಡಿಗೆ 24 ಚಿತ್ರ ಓಡಬೇಕು. ಹತ್ತು ನಿಮಿಷಕ್ಕೆ ಲೆಕ್ಕ ಹಾಕಿ, 14,400 ಆಗುತ್ತದೆ. ಒಂದು ಭಂಗಿಯನ್ನು ಎರಡೆರಡು ಸಲ ಹಿಡಿದರೂ ಏಳು ಸಾವಿರಕ್ಕಿಂತ ಜಾಸ್ತಿ ಸಲ ಯಾರೋ ಬಂದು ಆ ಗೊಂಬೆಯನ್ನು ಮುಟ್ಟಿದ್ದಾರೆ.

ಮುಟ್ಟಿದ್ದಾರೆ ಅನ್ನುವುದನ್ನು ಗಮನಿಸಿ. ಉಣ್ಣೆಯನ್ನು ಬೆರಳಿಂದ ಮುಟ್ಟಿದರೆ ಅದರ ನವಿರು ಎಳೆಗಳು ಸ್ವಲ್ಪ ಅಲುಗಿಬಿಡುತ್ತವೆ. ಎಷ್ಟು ಜೋಪಾನ ಮಾಡಿದರೂ ಅಲುಗುತ್ತವೆ. ಹೀಗೆ ಅಲುಗಿದ ಎಳೆಗಳು ಪರದೆಯ ಮೇಲೆ ಸಣ್ಣಗೆ ಮಿಡಿಯುವ ಹಾಗೆ ಕಾಣುತ್ತವೆ. ತುಪ್ಪಳದ ಗೊಂಬೆ, ಉಣ್ಣೆಯ ಗೊಂಬೆ ಬಳಸುವವರಿಗೆಲ್ಲ ಗೊತ್ತಿರುವ ತೊಂದರೆ ಇದು. ಆದರೆ ಉಣ್ಣೆಯಿಂದಲೇ ಹುಟ್ಟಿದ ನಾಯಿಮರಿಯ ಮೈ ಮಿಡಿದರೆ ಅದು ತೊಂದರೆಯೇ? ನನ್ನ ಮಟ್ಟಿಗೆ ಅದು ಉಸಿರು.

ಇನ್ನೊಂದು ಮಾತು. ಕಲಾವಿದ ಮಾಡುತ್ತಿರುವುದು ಏನು? ಜೀವ ಇಲ್ಲದ ಒಂದು ವಸ್ತುವನ್ನು ಕೈಯಲ್ಲಿ ಹಿಡಿದು, ಸ್ವಲ್ಪ ಸ್ವಲ್ಪವೇ ಸರಿಸಿ, ಇದಕ್ಕೆ ಜೀವ ಇದೆ ಎಂದು ನಂಬಿ, ನಮ್ಮನ್ನೂ ನಂಬಿಸುತ್ತಾನೆ. ಹುಡುಗಿ ಹಿಮದಲ್ಲಿ ಮಾಡುತ್ತಿರುವುದೂ ಅದೇ. ಕೈಗವಸನ್ನು ಎಳೆದುಕೊಂಡು ಹೋಗುತ್ತಾಳೆ, ನಾಯಿಯ ಹಾಗೆ ನಡೆಸಿಕೊಳ್ಳುತ್ತಾಳೆ, ಅದು ನಾಯಿಯಾಗುತ್ತದೆ. ಕೈಯಿಂದ ಬರೆದ ಚಿತ್ರದಲ್ಲಿ ಈ ಕಥೆ ಮಾಡಬಹುದಿತ್ತು. ಬರೆಯುವವನ ಪೆನ್ಸಿಲ್ಲಿಗೆ ಕೈಗವಸೂ ಒಂದೇ, ನಾಯಿಯೂ ಒಂದೇ. ಗೊಂಬೆ ಚಿತ್ರದಲ್ಲಿ ಹಾಗಲ್ಲ. ಅಲ್ಲಿ ಕೆಂಪು ಉಣ್ಣೆ ನಿಜವಾಗಿ ಮೇಜಿನ ಮೇಲಿರುತ್ತದೆ.

ಯಾಕೆ ಕೈಗವಸೇ? ಚಮಚ ಆಗಬಹುದಿತ್ತು, ಪೆಟ್ಟಿಗೆ ಆಗಬಹುದಿತ್ತು. ಮನೆಗೆ ಹೋಗಿ ಒಂದು ಉಣ್ಣೆಯ ಕೈಗವಸು ಅಥವಾ ಮಗುವಿನ ಕಾಲುಚೀಲ ಹುಡುಕಿ ನೋಡಿ. ಕೈಯಿಂದ ತೆಗೆದ ಮೇಲೂ ಅದರೊಳಗೆ ಸ್ವಲ್ಪ ಹೊತ್ತು ಬಿಸಿ ಇರುತ್ತದೆ. ಕೈಯ ಆಕಾರವೂ ಉಳಿದಿರುತ್ತದೆ. ಈ ಹುಡುಗಿಯ ಮೈಯ ಕಾವನ್ನೇ ತುಂಬಿಕೊಂಡ ಒಂದು ಪುಟ್ಟ ವಸ್ತು ಅದು. ಅವಳಿಗೆ ಬೇಕಿದ್ದದ್ದು ಬೆಚ್ಚಗಿನ ಒಂದು ಜೀವ.

ಬ್ರಿಟನ್ನಿನ ಮಕ್ಕಳ ವೈದ್ಯ, ಮನೋವಿಶ್ಲೇಷಕ ಡೊನಾಲ್ಡ್ ವಿನ್ನಿಕಾಟ್ 1950ರ ದಶಕದ ಶುರುವಿನಲ್ಲೇ ಕೂಸುಗಳು ಬಿಡದೆ ಹಿಡಿದುಕೊಳ್ಳುವ ಹೊದಿಕೆ, ಬಟ್ಟೆತುಂಡುಗಳ ಬಗ್ಗೆ ಬರೆದರು. ಅವರು ಹೇಳಿದ ಒಂದು ವಿಷಯ ನನಗೆ ಮರೆಯುವುದಿಲ್ಲ. ಇದನ್ನು ನೀನೇ ಕಲ್ಪಿಸಿಕೊಂಡೆಯಾ, ಇಲ್ಲ ಹೊರಗಿಂದ ನಿನಗೆ ಸಿಕ್ಕಿತಾ ಎಂದು ನಾವು ಮಗುವನ್ನು ಕೇಳುವುದಿಲ್ಲ, ಆ ಪ್ರಶ್ನೆ ಕೇಳದಿರುವುದೇ ದೊಡ್ಡವರಿಗೂ ಮಗುವಿಗೂ ನಡುವಿನ ಒಪ್ಪಂದ ಎಂಬ ಅರ್ಥದಲ್ಲಿ ಅವರು ಬರೆದಿದ್ದಾರೆ.

ನಮ್ಮ ಮಕ್ಕಳ ಬಾಯಲ್ಲಿ ಈ ಒಪ್ಪಂದಕ್ಕೆ ಒಂದು ಒಳ್ಳೆಯ ಪದ ಇದೆ. ‘ಆಟಕ್ಕೆ’. ಮಣ್ಣಿನ ಇಡ್ಲಿ ಕೊಡುತ್ತಾರೆ. ನೀವು ನಿಜವಾಗಿ ಬಾಯಿಗೆ ಹಾಕಿಕೊಳ್ಳಲು ಹೋದರೆ ಗಾಬರಿಯಾಗಿ ಕೈ ಹಿಡಿಯುತ್ತಾರೆ. “ನಿಜಕ್ಕಲ್ಲ, ಆಟಕ್ಕೆ!” ಎನ್ನುತ್ತಾರೆ. ಅಮೆರಿಕದ ಓರೆಗನ್ ವಿಶ್ವವಿದ್ಯಾಲಯದಲ್ಲಿ ಮಾರ್ಜೊರಿ ಟೇಲರ್ ಎಂಬ ಮನಶ್ಶಾಸ್ತ್ರಜ್ಞೆ ವರ್ಷಗಟ್ಟಲೆ ಕಾಣದ ಗೆಳೆಯರಿರುವ ಮಕ್ಕಳ ಜೊತೆ ಮಾತಾಡಿದರು. ಅವರು ಗಂಭೀರವಾಗಿ, ನಿನ್ನ ಗೆಳೆಯ ಎಷ್ಟು ಉದ್ದ ಇದ್ದಾನೆ, ಎಲ್ಲಿ ಮಲಗುತ್ತಾನೆ ಎಂದು ಕೇಳುತ್ತಾ ಹೋದರೆ, ಎಷ್ಟೋ ಮಕ್ಕಳು ನಡುವೆ ನಿಲ್ಲಿಸಿ, ಇದು ಸುಮ್ನೆ ಆಟಕ್ಕೆ, ಗೊತ್ತು ತಾನೆ ಎಂಬ ಹಾಗೆ ಅವರಿಗೇ ನೆನಪಿಸುತ್ತಿದ್ದವಂತೆ. ಎಲ್ಲಿ ಈ ದೊಡ್ಡವರು ನಿಜ ಅಂದುಕೊಂಡುಬಿಡುತ್ತಾರೋ ಎಂಬ ಕಾಳಜಿ!

ಇದೇ ಟೇಲರ್ ಮತ್ತು ಅವರ ತಂಡ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಏಳು ವರ್ಷದೊಳಗೆ ಒಮ್ಮೆಯಾದರೂ ಇಂಥ ಗೆಳೆಯರನ್ನು ಮಾಡಿಕೊಂಡ ಮಕ್ಕಳು ನೂರಕ್ಕೆ 65. ಬರೀ ಗಾಳಿಯಲ್ಲಿರುವ ಗೆಳೆಯರಷ್ಟೇ ಅಲ್ಲ, ಬೊಂಬೆಗೆ, ಬಟ್ಟೆಯ ಕರಡಿಗೆ ಹೆಸರಿಟ್ಟು, ಸ್ವಭಾವ ಕೊಟ್ಟು ಬೆಳೆಸಿಕೊಂಡವರೂ ಈ ಲೆಕ್ಕದಲ್ಲಿ ಸೇರಿದ್ದಾರೆ. ನಮ್ಮ ಕೈಗವಸು ಈ ಗುಂಪಿನದು. ಹಾಗಾಗಿ ಇಲ್ಲಿ ಯಾರ ಮಗುವಾದರೂ ತನ್ನಷ್ಟಕ್ಕೆ ತಾನೇ ಮಾತಾಡುತ್ತಿದ್ದರೆ ಹೆದರಬೇಡಿ. ಇಂಥ ಮಕ್ಕಳೆಲ್ಲ ನಾಚಿಕೆಯವರು, ಬೇರೆಯವರ ಜೊತೆ ಸೇರದವರು ಅನ್ನುವುದೂ ನಿಜವಲ್ಲ. ಮನೆ ತುಂಬ ಜನ, ಬೀದಿ ತುಂಬ ಗೆಳೆಯರು ಇರುವ ಮಗುವೂ ಒಬ್ಬ ಕಾಣದ ಗೆಳತಿಯನ್ನು ಇಟ್ಟುಕೊಂಡಿರಬಹುದು, ಖುಷಿಗೆ.

ಆದರೆ ವಾರೆಷ್ಕಾದ ಹುಡುಗಿಯದು ಬರೀ ಖುಷಿಯ ಆಟವಲ್ಲ. ಅದನ್ನೂ ಹೇಳಬೇಕು. ಅಂಗಳದಲ್ಲಿ ನಾಯಿಗಳ ಸ್ಪರ್ಧೆ ನಡೆಯುತ್ತದಲ್ಲ, ಆ ಭಾಗ ನೋಡುವಾಗ ಮಕ್ಕಳೆಲ್ಲ ಜೋರಾಗಿ ನಕ್ಕರು. ನಗಬೇಕಾದ್ದೇ. ನನಗೆ ಅಲ್ಲಿ ಕಂಡದ್ದು ಬೇರೆ. ನಮ್ಮಲ್ಲಿ ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಅನ್ನುತ್ತೇವೆ. ದೊಡ್ಡ ಮಕ್ಕಳು ಆಡುವಾಗ ಚಿಕ್ಕದು ಅಳುತ್ತದೆ ಎಂದು ಸೇರಿಸಿಕೊಳ್ಳುತ್ತಾರೆ, ಔಟಾದರೂ ಔಟಲ್ಲ, ಗೆದ್ದರೂ ಗೆದ್ದ ಹಾಗಲ್ಲ. ಈ ಹುಡುಗಿ ಶುರುವಿನಲ್ಲಿ ಆಟಕ್ಕೂ ಇರಲಿಲ್ಲ. ಕಿಟಕಿಯ ಒಳಗಿದ್ದಳು. ಕೆಂಪು ಮರಿ ಬಂದ ಮೇಲೆ ಅವಳು ಅಂಗಳದಲ್ಲಿದ್ದಾಳೆ, ಉಳಿದವರ ಸಾಲಿನಲ್ಲಿ ನಿಂತಿದ್ದಾಳೆ. ಅವಳನ್ನು ಲೆಕ್ಕಕ್ಕೆ ತಂದದ್ದು ಆ ಮರಿ.

ಮಗುವಿನ ಕಲ್ಪನೆಯನ್ನೇ ಹಿಡಿದು ಮಾಡಿದ ಇನ್ನೆರಡು ಹಳೆಯ ಚಿತ್ರಗಳ ಮಾತು ಹೇಳಿ ಮುಂದೆ ಹೋಗುತ್ತೇನೆ. ಅಮೆರಿಕದಲ್ಲಿ ಜಾನ್ ಹಬ್ಲಿ, ಫೇತ್ ಹಬ್ಲಿ ದಂಪತಿ 1959ರಲ್ಲಿ ‘ಮೂನ್‌ಬರ್ಡ್’ ಮಾಡಿದರು. ತಮ್ಮ ಇಬ್ಬರು ಪುಟ್ಟ ಗಂಡುಮಕ್ಕಳು ಆಡುವಾಗ ಆಡಿದ ಮಾತನ್ನು ಧ್ವನಿಮುದ್ರಿಸಿಕೊಂಡು, ಆ ಮಾತಿಗೆ ಚಿತ್ರ ಬರೆದರು. ರಾತ್ರಿ ಹೊತ್ತು ಅಣ್ಣ ತಮ್ಮ ಒಂದು ಹಕ್ಕಿ ಹಿಡಿಯಲು ಹೊರಡುತ್ತಾರೆ, ಅಷ್ಟೇ ಕಥೆ. ಆಸ್ಕರ್ ಬಂತು. ನನಗೆ ಆಸ್ಕರಿಗಿಂತ ಮುಖ್ಯ ಅನ್ನಿಸುವುದು ಅಪ್ಪ ಅಮ್ಮ ಮಕ್ಕಳ ಆಟಕ್ಕೆ ಕಿವಿಗೊಟ್ಟು ಕೂತರು ಅನ್ನುವುದು.

ಇನ್ನೊಂದು ‘ದ ಸ್ನೋಮ್ಯಾನ್’. ರೇಮಂಡ್ ಬ್ರಿಗ್ಸ್ ಅವರ ಮಾತಿಲ್ಲದ ಚಿತ್ರಪುಸ್ತಕ 1978ರದು. ಅದನ್ನು ಚಲನಚಿತ್ರ ಮಾಡಿ 1982ರ ಡಿಸೆಂಬರ್ 26ರಂದು ಬ್ರಿಟನ್ನಿನ ಚಾನೆಲ್ 4ರಲ್ಲಿ ತೋರಿಸಿದರು. ಆ ಚಾನೆಲ್ ಶುರುವಾಗಿ ಆಗ ಎರಡು ತಿಂಗಳೂ ಆಗಿರಲಿಲ್ಲ. ಹುಡುಗ ಹಿಮದ ಮನುಷ್ಯನನ್ನು ಮಾಡುತ್ತಾನೆ, ಮಧ್ಯರಾತ್ರಿ ಅದು ಜೀವ ತಳೆಯುತ್ತದೆ, ಇಬ್ಬರೂ ಆಕಾಶದಲ್ಲಿ ಹಾರುತ್ತಾರೆ. ಬೆಳಗ್ಗೆ ಎದ್ದು ಓಡಿಬಂದರೆ ಹಿಮ ಕರಗಿದೆ. ಟೋಪಿ ಇದೆ, ಗೆಳೆಯ ಇಲ್ಲ. ಹುಡುಗ ಜೇಬಿಗೆ ಕೈ ಹಾಕಿದಾಗ ರಾತ್ರಿ ಸಿಕ್ಕ ಸ್ಕಾರ್ಫ್ ಕೈಗೆ ಬರುತ್ತದೆ. ಅಂದರೆ ಕನಸಲ್ಲ. ಅದನ್ನು ಹಿಡಿದು ಮಂಡಿಯೂರಿ ಕೂತುಬಿಡುತ್ತಾನೆ.

ಬಹಳ ದೊಡ್ಡ ಚಿತ್ರ ಅದು. ನಾನು ಪ್ರತಿ ಸಲ ಅತ್ತಿದ್ದೇನೆ. ಆದರೂ ಎರಡನ್ನೂ ಒಂದರ ಪಕ್ಕ ಒಂದು ಇಟ್ಟರೆ ನನ್ನ ಮನಸ್ಸು ವಾರೆಷ್ಕಾ ಕಡೆಗೇ ವಾಲುತ್ತದೆ. ಸ್ನೋಮ್ಯಾನ್‌ನಲ್ಲಿ ಆ ರಾತ್ರಿಯೆಲ್ಲ ಅಪ್ಪ ಅಮ್ಮ ಮಲಗಿರುತ್ತಾರೆ. ಹುಡುಗನ ಗೆಳೆಯ ಬಂದದ್ದೂ ಗೊತ್ತಿಲ್ಲ, ಹೋದದ್ದೂ ಗೊತ್ತಿಲ್ಲ. ಕೊನೆಯ ದೃಶ್ಯದಲ್ಲಿ ಅವನು ಹಿಮದಲ್ಲಿ ಒಬ್ಬನೇ. ವಾರೆಷ್ಕಾದಲ್ಲಿ ಯಾರೋ ಒಬ್ಬರು ನೋಡುತ್ತಾರೆ.

ಆ ದೃಶ್ಯಕ್ಕೆ ಬರೋಣ. ಹುಡುಗಿ ಮನೆಗೆ ಬಂದಿದ್ದಾಳೆ. ಕೈಗವಸಿನ ಮುಂದೆ ತಟ್ಟೆಯಲ್ಲಿ ಹಾಲು ಇಟ್ಟಿದ್ದಾಳೆ. ಅಮ್ಮನ ಕಣ್ಣಿಗೆ ನಾಯಿ ಕಾಣುವುದಿಲ್ಲ. ಇದು ಮುಖ್ಯ. ಕಾಣುವುದು ಕೈಗವಸು, ಹಾಲು, ಪಕ್ಕದಲ್ಲಿ ತನ್ನ ಮಗಳು. “ಒಳ್ಳೆ ಹಾಲು ಹಾಳು ಮಾಡ್ತಿದ್ದೀಯಲ್ಲ” ಅನ್ನಬಹುದಿತ್ತು. ನಗಬಹುದಿತ್ತು. ಫೋಟೋ ತೆಗೆದು ನೆಂಟರಿಗೆ ತೋರಿಸಬಹುದಿತ್ತು, ಈಗಿನ ಕಾಲವಾಗಿದ್ದರೆ. ಅವಳು ಏನೂ ಅನ್ನುವುದಿಲ್ಲ. ಮರಿಗಳಿದ್ದ ಆ ಮನೆಯ ಬಾಗಿಲಿಗೆ ಹೋಗುತ್ತಾಳೆ.

ಅಮ್ಮ ಆಟಕ್ಕೆ ಸೇರಲಿಲ್ಲ. “ಅಯ್ಯೋ ಎಷ್ಟು ಮುದ್ದಾದ ನಾಯಿಮರಿ” ಎಂದು ಕೈಗವಸನ್ನು ಸವರಲಿಲ್ಲ. ಹಾಗೆ ಮಾಡಿದ್ದರೂ ಚೆನ್ನಾಗಿರುತ್ತಿತ್ತು, ನಾವೆಲ್ಲ ಮೆಚ್ಚುತ್ತಿದ್ದೆವು. ಆದರೆ ಅವಳು ಮಾಡಿದ್ದು ಅದಕ್ಕಿಂತ ಕಷ್ಟದ ಕೆಲಸ. ಆಟದ ಹಿಂದೆ ಇದ್ದ ಮೊದಲನೇ ಮಾತನ್ನು, ತಾನೇ ಬೇಡ ಅಂದಿದ್ದ ಮಾತನ್ನು, ಎರಡನೇ ಸಲ ಕೇಳಿಸಿಕೊಂಡಳು. ಕೇಳಿಸಿಕೊಂಡು ತನ್ನ ಮಾತನ್ನು ಹಿಂದಕ್ಕೆ ತೆಗೆದುಕೊಂಡಳು. ಮಗುವಿನ ಎದುರು ನಾವು ಇದನ್ನು ಎಷ್ಟು ಸಲ ಮಾಡುತ್ತೇವೆ?

ನನ್ನದೇ ಒಂದು ಸಂಗತಿ ಹೇಳುತ್ತೇನೆ. ಹೇಳಲು ಸ್ವಲ್ಪ ಕಷ್ಟವೇ. ಒಂದು ಮಳೆಗಾಲ ನಮ್ಮ ನೆಂಟರ ಮಗುವೊಂದು ತಿಂಗಳ ಮಟ್ಟಿಗೆ ನಮ್ಮ ಮನೆಯಲ್ಲಿತ್ತು. ಐದು ವರ್ಷ. ಅವರ ಮನೆಯಲ್ಲಿ ಯಾರಿಗೋ ಹುಷಾರಿರಲಿಲ್ಲ. ಮಗು ಯಾವಾಗಲೂ ನನ್ನ ಹಳೆಯ ಕರಿ ಛತ್ರಿಯನ್ನು ಮಡಚಿ, ಹಿಡಿಗೆ ಟೇಪು ಕಟ್ಟಿ, ಜಗಲಿಯ ಉದ್ದಕ್ಕೂ ಎಳೆದುಕೊಂಡು ಓಡಾಡುತ್ತಿತ್ತು. ಕಡ್ಡಿಗಳು ಬಾಗುತ್ತವೆ ಎಂದು ನಾನು ಎರಡು ಮೂರು ಸಲ ಗದರಿದೆ. ಮಗು ಸುಮ್ಮನೆ ಛತ್ರಿ ತಂದು ಮೂಲೆಯಲ್ಲಿಡುತ್ತಿತ್ತು. ಒಂದು ಸಂಜೆ ಜೋರು ಮಳೆ. ನಾನು ಪೇಟೆಗೆ ಹೋಗಿ ಅದೇ ಛತ್ರಿ ಹಿಡಿದು ಬಂದೆ. ನೀರು ಸುರಿಯುತ್ತಿತ್ತು. ಬಾಗಿಲ ಪಕ್ಕ ಒರಗಿಸಿ ಒಳಗೆ ಹೋಗಿ ಕಾಲು ಒರೆಸಿಕೊಂಡು ಬಂದು ನೋಡಿದರೆ, ಮಗು ತನ್ನ ಸ್ನಾನದ ಟವೆಲ್ ತಂದು ಛತ್ರಿಯನ್ನು ಒರೆಸುತ್ತಿದೆ. ಮಡಿಕೆ ಮಡಿಕೆಯ ಒಳಗೆ ಬೆರಳು ಹಾಕಿ, ಮೆತ್ತಗೆ. “ಆಯ್ತು ಆಯ್ತು, ಬಂದ್ಯಲ್ಲ, ಇನ್ನು ಚಳಿ ಆಗಲ್ಲ” ಅನ್ನುತ್ತಿದೆ. ಊರಲ್ಲಿ ಆ ಮಗುವನ್ನು ಸ್ನಾನ ಮಾಡಿಸಿ ಒರೆಸುವಾಗ ಯಾರೋ ಹೀಗೇ ಹೇಳುತ್ತಿದ್ದಿರಬೇಕು.

ಮಗು ಬಂದ ಮೊದಲ ವಾರ ದಿನಾ ಕೇಳಿತ್ತು, ಅಮ್ಮ ಯಾವಾಗ ಬರ್ತಾಳೆ ಅಂತ. ಬರ್ತಾಳೆ ಬರ್ತಾಳೆ ಅಂದಿದ್ದೆವು. ಆಮೇಲೆ ಕೇಳುವುದನ್ನು ಬಿಟ್ಟಿತ್ತು. ಹೊಂದಿಕೊಂಡಿತು ಎಂದು ನಾವು ಸಮಾಧಾನ ಪಟ್ಟಿದ್ದೆವು. ಆ ರಾತ್ರಿ ಊಟ ಆದ ಮೇಲೆ ಊರಿಗೆ ಫೋನ್ ಮಾಡಿ ಅಮ್ಮನ ಹತ್ತಿರ ಮಾತಾಡಿಸಿದೆವು. ಬಹಳ ಹೊತ್ತು ಮಾತಾಡಿತು. ಛತ್ರಿಯ ವಿಷಯ ಒಂದು ಸಲವೂ ಹೇಳಲಿಲ್ಲ.

ವಾರೆಷ್ಕಾ ಮಾಡಿದ ಕಚಾನೊವ್, ಶ್ವಾರ್ತ್ಸ್‌ಮನ್ ಇಬ್ಬರೂ ಒಂಟಿತನದ ವಿಷಯವನ್ನು ಅಲ್ಲಿಗೇ ಬಿಡಲಿಲ್ಲ. ಎರಡು ವರ್ಷದ ನಂತರ, 1969ರಲ್ಲಿ, ಎದುವಾರ್ದ್ ಉಸ್ಪೆನ್ಸ್ಕಿ ಅವರ ಕಥೆ ಇಟ್ಟುಕೊಂಡು ‘ಮೊಸಳೆ ಗೇನಾ’ ಮಾಡಿದರು. ಮೃಗಾಲಯದಲ್ಲಿ ಮೊಸಳೆಯ ಕೆಲಸಕ್ಕೇ ಇರುವ ಒಂದು ಮೊಸಳೆ. ಸಂಜೆ ಮನೆಗೆ ಬಂದು ಒಬ್ಬನೇ ಚದುರಂಗ ಆಡುತ್ತದೆ. ಕೊನೆಗೆ ಗೆಳೆಯರು ಬೇಕಾಗಿದ್ದಾರೆ ಎಂದು ಚೀಟಿ ಬರೆದು ಗೋಡೆಗಳಿಗೆ ಅಂಟಿಸುತ್ತದೆ. ಆ ಚೀಟಿ ನೋಡಿ ಬಂದದ್ದೇ ದೊಡ್ಡ ಕಿವಿಯ ಚೆಬುರಾಷ್ಕಾ, ಇವತ್ತಿಗೂ ರಷ್ಯಾದಲ್ಲಿ ಮನೆಮನೆಯ ಮಗು. ಶ್ವಾರ್ತ್ಸ್‌ಮನ್ 101 ವರ್ಷ ಬದುಕಿದ್ದು 2022ರಲ್ಲಿ ತೀರಿಕೊಂಡರು. ನಮ್ಮಲ್ಲಿ ನವಕರ್ನಾಟಕದ ಮಳಿಗೆಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತಿದ್ದ ಸೋವಿಯತ್ ಮಕ್ಕಳ ಪುಸ್ತಕಗಳನ್ನು ಓದಿ ಬೆಳೆದವರು ಇಲ್ಲಿ ಕೆಲವರಾದರೂ ಇದ್ದೀರಿ. ಆ ದಪ್ಪ ಕಾಗದದ ವಾಸನೆ ನೆನಪಿರುವವರಿಗೆ ಈ ಚಿತ್ರದ ಹಿಮ, ಟೋಪಿ, ಗಂಬೂಟು ಎಲ್ಲ ಮೊದಲೇ ಪರಿಚಯ.

ಮಾತು ಮುಗಿಸುವ ಮೊದಲು ಪ್ರಶ್ನೆ ಇದ್ದರೆ ಕೇಳಿ ಎಂದೆ. ದೊಡ್ಡವರು ಇಬ್ಬರು ಚಿತ್ರ ಎಲ್ಲಿ ಸಿಗುತ್ತದೆ, ಎಷ್ಟು ವಯಸ್ಸಿನವರಿಗೆ ತೋರಿಸಬಹುದು ಎಂದು ಕೇಳಿದರು. ಆಮೇಲೆ ಚಾಪೆಯ ಮೇಲಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು.

“ನಿಜವಾದ ನಾಯಿಮರಿ ಬಂದ್ಮೇಲೆ ಕೈಗವಸು ಏನಾಗತ್ತೆ?”

ನಾನು ಈ ಚಿತ್ರವನ್ನು ಎಷ್ಟೋ ಸಲ ನೋಡಿದ್ದೇನೆ. ಈ ಪ್ರಶ್ನೆ ಒಂದು ಸಲವೂ ಬಂದಿರಲಿಲ್ಲ. ಏನು ಹೇಳುವುದೆಂದು ತಿಳಿಯದೆ, ನಿನಗೇನು ಅನ್ನಿಸುತ್ತೆ ಎಂದು ಅವಳನ್ನೇ ಕೇಳಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡಳು.

“ಮೊದ್ಲು ಹಾಲು ಕುಡೀಲಿ. ಆಮೇಲೆ ಅವಳ ಕೈಗೇ ಹಾಕ್ಕೋಬೇಕು. ಹೊರಗಡೆ ಚಳಿ ಅಲ್ವಾ?”